ಎಐ ಜೊತೆ ಚೌಕಾಸಿ ಮಾಡಬೇಡಿ

ಬೇಕಾದದ್ದನ್ನು ಬೇಕು ಎಂದವನು ಪೇಟೆಯಲ್ಲಿ ಕೆಟ್ಟ. ಸೀರೆ ಬೇಕಿದ್ದರೆ ಮೊದಲು ಟವೆಲ್ ಕೇಳಬೇಕು. ಮನಸ್ಸಿಗೆ ಹಿಡಿದ ಸೀರೆಯನ್ನು ಮೂಗು ಮುರಿದು ಪಕ್ಕಕ್ಕೆ ಸರಿಸಬೇಕು. ಅಂಗಡಿಯವನಿಗೆ ಕೂಗಿ ಕರೆಯಲು ಸಮಯ ಸಿಗುವಂತೆ ಮೆಟ್ಟಿಲನ್ನು ನಿಧಾನವಾಗಿ ಇಳಿಯಬೇಕು. ಗದಗಿನಿಂದ ಬರಿಗೈಯಲ್ಲಿ ವಿಜಯವಾಡಕ್ಕೆ ಬಂದ ನಾನು ಬೆಂಜ್ ಸರ್ಕಲ್ ಬಳಿ ಅಂಗಡಿ ಇಟ್ಟು, ಪಟಮಟದಲ್ಲಿ ಮನೆ ಮಾಡಿದ್ದು ಈ ಒಂದೇ ವಿದ್ಯೆಯಿಂದ. ಕೇಳಿದವರಿಗೂ ಕೇಳದವರಿಗೂ ಇದನ್ನೇ ಉಪದೇಶ ಮಾಡಿದ್ದೇನೆ. ಈಗ ಅದಕ್ಕೊಂದು ತಿದ್ದುಪಡಿ ಮಾಡಬೇಕಾಗಿದೆ.

ನನ್ನ ಅಂಗಡಿ ಒಂದು ಆಸ್ಪತ್ರೆಯ ಗೇಟಿನ ಎದುರಿಗಿದೆ, ಬಾಡಿಗೆ ಕಟ್ಟಡವೊಂದರ ಇಡೀ ನೆಲಮಹಡಿಯಲ್ಲಿ. ರೋಗಿಗಳ ಜೊತೆ ಬಂದವರಿಗೆ ಬೇಕಾದ ಚಾಪೆ, ದಿಂಬು, ಫ್ಲಾಸ್ಕ್, ಬಕೆಟ್, ಮಡಚುವ ಮಂಚ ಮಾರುತ್ತೇನೆ. ಉಟ್ಟ ಬಟ್ಟೆಯಲ್ಲೇ ಓಡಿಬಂದವರು ಗೇಟಿನಿಂದ ಏನು ಕಾಣುತ್ತದೋ ಅಲ್ಲಿಗೆ ಬರುತ್ತಾರೆ. ಅದೇ ಅಂಗಡಿ ಪಕ್ಕದ ಬೀದಿಯಲ್ಲಿದ್ದರೆ ನೊಣ ಹೊಡೆಯಬೇಕು.

ಹೋದ ವರ್ಷ ಕಟ್ಟಡದ ಮಾಲೀಕರು ಫೋನ್ ಮಾಡಿದರು. ಅವರು ನಿವೃತ್ತ ಎಂಜಿನಿಯರ್, ಈಗ ಇರುವುದು ವಿಶಾಖಪಟ್ಟಣದ ಆಚೆ ಭೀಮುನಿಪಟ್ಟಣದಲ್ಲಿ. ಅವರ ತೆಲುಗನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ಮೊಬೈಲ್ ಶೋರೂಮಿನವರು ನೆಲಮಹಡಿ ಪೂರ್ತಿ ಕೇಳ್ತಿದಾರಂಡಿ. ನಿಮಗೆ ಜಾಗ ಬೇಕಾ, ಬೇಡವಾ?"

ಬೇಕೇ ಬೇಕಿತ್ತು. ಬಾಯಿ ಮಾತ್ರ ಅಭ್ಯಾಸದಂತೆ ಆಡಿತು. "ನೋಡೋಣ ಸಾರ್. ನನಗೂ ಬೇರೆ ಕಡೆ ಜಾಗ ಬರ್ತಾ ಇವೆ."

"ಅಯ್ಯಾ, ನಿಮ್ಮ ಜೊತೆ ಫೋನಲ್ಲಿ ನನ್ನ ಕೈಲಾಗಲ್ಲ. ಮಾತು ಮುಗಿಯೋದರೊಳಗೆ ನಾನೇ ನಿಮ್ಮ ಬಾಡಿಗೆದಾರ ಅನ್ನಿಸಿಬಿಡ್ತೀರಿ. ಏನಿದ್ರೂ ಬರೆದು ಕೊಡಿ, ಓದಿ ಹೇಳ್ತೀನಿ."

ತೆಲುಗಿನಲ್ಲಿ ನಾನು ಜಗಳ ಆಡಬಲ್ಲೆ, ಬರೆಯಲಾರೆ. ಇಲ್ಲೇ ಬೆಳೆದು ಅಪ್ಪನನ್ನು ‘ನಾನ್ನಾ’ ಎನ್ನುವ ಮಗಳಿಗೆ ಬರೆಯಲು ಬರುತ್ತದೆ. ಆದರೆ ನನ್ನ ಪತ್ರ ಎಂದರೆ ಕೈ ಮುಗಿಯುತ್ತಾಳೆ. "ನಾನ್ನಾ, ನೀನು ಹೇಳೋದು ಒಂದು, ಬರೆಸೋದು ಇನ್ನೊಂದು. ನನಗೆ ಬೇಡ" ಎಂದವಳೇ ನನ್ನ ಫೋನಿಗೆ ಒಂದು ಎಐ ಹಾಕಿಕೊಟ್ಟಳು. ಕನ್ನಡದಲ್ಲಿ ಕೇಳಿದರೆ ಸಾಕು, ಪತ್ರ ತೆಲುಗಿನಲ್ಲಿ ಬರುತ್ತದಂತೆ.

ನನ್ನ ಪಾಲಿಗೆ ಅದು ಹೊಸ ವ್ಯಾಪಾರಿ. ಎಚ್ಚರಿಕೆಯಿಂದಲೇ ಶುರುಮಾಡಿದೆ: "ಸುಮ್ಮನೆ ವಿಚಾರಿಸುತ್ತಿದ್ದೇನೆ. ಪರಿಚಯದವರದೊಂದು ಬಾಡಿಗೆ ಅಂಗಡಿ ಇದೆ. ಬಿಟ್ಟರೂ ಬಿಡಬಹುದು, ಅವಸರವಿಲ್ಲ. ಮಾಲೀಕರಿಗೆ ತೆಲುಗಿನಲ್ಲಿ ಒಂದು ಪತ್ರ ಬೇಕಾಗಬಹುದು, ನಾಲ್ಕು ಪುಟ. ಬೇರೆ ಎಐಗಳೂ ಇವೆ, ನೋಡಿಕೊಂಡು ಬರೆ."

ನನಗೆ ಬೇಕಿದ್ದದ್ದು ಎರಡೇ ಪುಟ. ನಾಲ್ಕು ಕೇಳಿದರೆ ಎರಡಕ್ಕೆ ಇಳಿಯುತ್ತದೆ ಎಂದುಕೊಂಡಿದ್ದೆ. ಅದು ಒಂದು ಮಾತೂ ಎದುರಾಡದೆ ನಾಲ್ಕನ್ನೂ ಸುರಿಯಿತು. ಮಗಳು ಓದಿ ಹೇಳಿದಳು: ಅವಸರವೇನಿಲ್ಲ, ಒಳ್ಳೆಯ ಬಾಡಿಗೆದಾರರು ಸಿಕ್ಕರೆ ದಯವಿಟ್ಟು ಮುಂದುವರಿಯಿರಿ, ನಿಮ್ಮ ಔದಾರ್ಯಕ್ಕೆ ವಂದನೆಗಳು.

"ಅಷ್ಟೇನೂ ಚೆನ್ನಾಗಿಲ್ಲ" ಎಂದು ಬರೆದೆ. ಎಂಥ ಅಂಗಡಿಯವನೂ ಈ ಮಾತಿಗೆ ಒಂದು ಮೆಟ್ಟಿಲು ಇಳಿಯುತ್ತಾನೆ. ಇದು ಕ್ಷಮೆ ಕೇಳಿ ಮತ್ತೊಂದು ಬರೆಯಿತು. ಅದಕ್ಕೂ ಮೂಗು ಮುರಿದೆ. ಮುಂದಿನದರಲ್ಲಿ ನಾನು ಬೀಗದ ಕೈ ಒಪ್ಪಿಸಿ, ಮುಂದಿನ ಬಾಡಿಗೆದಾರರಿಗೆ ಶುಭ ಹಾರೈಸಿದ್ದೆ.

ಹೆಂಡತಿ ಹುಣಸೆಹಣ್ಣು ಬಿಡಿಸುತ್ತ ಕೇಳುತ್ತಿದ್ದಳು. "ಅಲ್ರೀ, ಈ ವಿಜಯವಾಡದಾಗ ನಿಮ್ಮ ಮಾತು ನಂಬಾವ್ರು ಒಬ್ಬರೂ ಇರಲಿಲ್ಲ. ಈಗ ಒಂದು ಸಿಕ್ಕೈತಿ. ಅದಕ್ಕರ ಖರೇ ಹೇಳ್ರಿ."

ಮಗಳು ನಕ್ಕಳು. "ನಾನ್ನಾ, ಅದಕ್ಕೆ ನಿನ್ನ ಮುಖ ಕಾಣಲ್ಲ ಕದಾ. ನೀನು ಬರೆದದ್ದಷ್ಟೇ ಅದಕ್ಕೆ ಗೊತ್ತು."

ಸರಿಯಾದ ಮಾತು. ನಾನು ಬೇಡ ಎನ್ನುವಾಗ ನನ್ನ ಕಣ್ಣು ಬೇಕು ಎನ್ನುತ್ತಿರುತ್ತದೆ, ಅಂಗಡಿಯವನು ಅದನ್ನು ಓದಿಕೊಳ್ಳುತ್ತಾನೆ. ಚೌಕಾಸಿ ನಡೆಯುವುದೇ ಆ ಧೈರ್ಯದ ಮೇಲೆ. ಈ ಪಾಪದ ಪ್ರಾಣಿಗೆ ಬೇಡ ಎಂದರೆ ಬೇಡ.

ಮತ್ತೆ ಬರೆಯಲು ಕುಳಿತೆ. ಅಂಗಿ ಬಿಚ್ಚಿ ಸಂತೆಯಲ್ಲಿ ನಿಂತಂತಾಯಿತು. "ಅಂಗಡಿ ನನ್ನದೇ. ಈ ಜಾಗ ಹೋದರೆ ವ್ಯಾಪಾರ ಹೋದಂತೆ. ಬೇರೆ ಜಾಗ ಯಾವುದನ್ನೂ ನೋಡಿಲ್ಲ. ಗೇಟಿನಿಂದ ಕಾಣುವುದೇ ನನ್ನ ಬಂಡವಾಳ. ಓದುವವರು ವಯಸ್ಸಾದವರು, ಲೆಕ್ಕಾಚಾರದ ಮನುಷ್ಯ, ನನ್ನ ಮಾತಿಗೆ ಬೇಸತ್ತವರು. ಹೊಗಳಬೇಡ. ಒಂದೇ ಪುಟ ಇರಲಿ. ಪೂರ್ತಿ ಜಾಗ ಕೇಳು. ಕೊನೆಗೆ ಗೇಟಿನ ಕಡೆಯ ಅರ್ಧ ಸಿಕ್ಕರೂ ನಾನು ಬದುಕಿಕೊಳ್ಳುತ್ತೇನೆ."

ಆಗ ಅದು ಪತ್ರ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿತು: ಅರ್ಧಕ್ಕೂ ಒಪ್ಪುತ್ತೀರಿ ಎಂಬುದನ್ನು ಪತ್ರದಲ್ಲಿ ಹೇಳಲೇ, ಅಥವಾ ಅದು ನಿಮ್ಮಲ್ಲೇ ಇರಲೇ?

ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಹಾಗಾಗಿ ನನ್ನ ಸಲಹೆ ಇಷ್ಟು: ವಕೀಲನ ಮುಂದೆ ಮಾತಾಡಿದ ಹಾಗೆ ಎಐ ಮುಂದೆ ಮಾತಾಡಿ. ಏನು ಬೇಕು, ಯಾಕೆ ಬೇಕು, ಓದುವವರು ಯಾರು, ಎಲ್ಲಿಯವರೆಗೆ ಇಳಿಯುತ್ತೀರಿ, ಎಲ್ಲ ಬಿಚ್ಚಿಡಿ. ಎದುರು ಪಾರ್ಟಿಗೆ ಎಷ್ಟು ತೋರಿಸಬೇಕು ಎಂಬುದು ಆಮೇಲಿನ ಮಾತು. "ನನ್ನಲ್ಲೇ ಇರಲಿ" ಎಂದು ಬರೆದೆ.

ಪತ್ರ ಹಿಡಿದು ರೈಲಿನಲ್ಲಿ ವಿಶಾಖಪಟ್ಟಣಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಭೀಮುನಿಪಟ್ಟಣಕ್ಕೆ ಹೋದೆ. ಮಾಲೀಕರು ವರಾಂಡದಲ್ಲಿ ಕುಳಿತು ಎರಡು ಸಲ ಓದಿದರು.

"ಬೇರೆ ಜಾಗ ನೋಡೇ ಇಲ್ಲ ಅಂತ ಬರೆದಿದೀರಿ?"

"ನೋಡಿಲ್ಲ ಸಾರ್."

"ಫೋನಲ್ಲಿ ಹೇಳಿದ್ದು?"

"ಅದು ಫೋನು ಸಾರ್."

ಅವರು ಕನ್ನಡಕ ತೆಗೆದು ನಕ್ಕರು. ಒಳಗಿನಿಂದ ಮಜ್ಜಿಗೆ ಬಂತು. "ಶೋರೂಮಿನವರಿಗೆ ಪೂರ್ತಿ ಇಲ್ಲ ಅನ್ನೋಕಾಗಲ್ಲಂಡಿ. ಗೇಟಿನ ಕಡೆ ಅರ್ಧ ನೀವಿಟ್ಟುಕೊಳ್ಳಿ, ಉಳಿದರ್ಧ ಅವರಿಗೆ ಕೊಡ್ತೀನಿ."

ಒಳಗೆ ಪ್ರಾಣ ಮರಳಿ ಬಂತು. ಆದರೆ ಎದುರಿಗಿದ್ದವರು ಮನುಷ್ಯರು, ಕಣ್ಣಿದ್ದವರು. ಮಜ್ಜಿಗೆಯ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟೆ. "ಅರ್ಧದಲ್ಲಿ ಮಂಚ ಎಲ್ಲಿಡೋದು ಸಾರ್?"

ಮೆಟ್ಟಿಲ ಕೆಳಗಿನ ಜಾಗವನ್ನೂ ಕೊಟ್ಟರು.