ಕಬ್ಬಿಣದ ಮಾತ್ರೆ ನಿಲ್ಲಿಸಿದವರು

ಮಗಳಿಗೆ ಡಾಕ್ಟರು ಬರೆದುಕೊಟ್ಟಿದ್ದ ಕಬ್ಬಿಣದ ಟಾನಿಕ್ಕಿನ ಮುಚ್ಚಳ ತೆಗೆದಾಗ ತುಕ್ಕಿನ ವಾಸನೆ ಬಂತು. ಮುಚ್ಚಿಟ್ಟೆ. ಅರಸೀಕೆರೆ ಬಸ್ ನಿಲ್ದಾಣದ ಹಿಂದೆ ರಕ್ತಪರೀಕ್ಷೆಯ ಪುಟ್ಟ ಕೋಣೆಯಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ನೆನಪಾದರು...

ಹತ್ತನೇ ವಯಸ್ಸಿನಿಂದ ನನಗೆ ‘ರಕ್ತ ಕಡಿಮೆ’. ಎಂ.ಎಸ್ಸಿ. ಮುಗಿಯುವವರೆಗೂ ಕಬ್ಬಿಣದ ಮಾತ್ರೆ ನುಂಗಿದೆ. ಹಿಮೋಗ್ಲೋಬಿನ್ ಹತ್ತರ ಆಸುಪಾಸು ಬಿಟ್ಟು ಕದಲಲಿಲ್ಲ. ಮಾತ್ರೆಗಳನ್ನು ನಾನು ಚರಂಡಿಗೆ ಎಸೆಯುತ್ತೇನೆಂದು ಅಮ್ಮ ನಂಬಿದ್ದಳು.

ಹಗರೆ ಊರಿನ ಸೋದರಮಾವನ ಮಗನೊಂದಿಗೆ ಮದುವೆಯ ಮಾತಾದಾಗ, ನಿಶ್ಚಿತಾರ್ಥಕ್ಕೆ ಮುಂಚೆ ಇನ್ನೊಮ್ಮೆ ರಕ್ತ ನೋಡಿಸೋಣವೆಂದು ಅಮ್ಮ ಆ ಹಿರಿಯರಲ್ಲಿಗೆ ಕರೆದೊಯ್ದಳು. ಬಾಣಾವರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಅವರದು ಕಡಿಮೆ ಮಾತು. ಯಂತ್ರ ಕೊಟ್ಟ ಅಂಕಿಗಳಿಗೆ ಸುಮ್ಮನಾಗದೆ, ಗಾಜಿನ ಪಟ್ಟಿಯ ಮೇಲೆ ನನ್ನ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

“ರಕ್ತದ ಕಣ ಚಿಕ್ಕದಾಗೈತೆ, ಆದ್ರೆ ಲೆಕ್ಕ ಜಾಸ್ತಿ ಐತೆ. ಕಬ್ಬಿಣ ಕಮ್ಮಿಯಾದ್ರೆ ಸಾಮಾನ್ಯವಾಗಿ ಹಿಂಗಿರಲ್ಲ ಕಣಮ್ಮ. ಹುಡುಗ ಯಾರು?”

“ನಮ್ಮಣ್ಣನ ಮಗನೇ,” ಎಂದಳು ಅಮ್ಮ.

ಅವರು ಪೆನ್ನು ಕೆಳಗಿಟ್ಟರು. “ಹಂಗಾದ್ರೆ ಅವನ ರಕ್ತಾನೂ ಬೇಕು.”

“ಅವನಿಗೇನ್ರೀ ಆಗೈತೆ? ಕೋಣ ಇದ್ದಂಗವ್ನೆ.”

“ಇವಳಿಗೂ ಕಾಯಿಲೆ ಅಂತಲ್ಲ ಕಣ್ರೀ. ವಂಶದಲ್ಲಿ ಬಂದಿರ್ಬೋದು. ಒಬ್ರಲ್ಲಿದ್ರೆ ಭಯ ಇಲ್ಲ. ಇಬ್ರಲ್ಲೂ ಇದ್ರೆ, ಹುಟ್ಟೋ ಮಗೂಗೆ ಜೀವನಪೂರ್ತಿ ರಕ್ತ ಹಾಕಿಸ್ಬೇಕಾಗ್ಬೋದು.”

ಮರುದಿನ ಮಾವನ ಮಗ ಬೈಕಿನಲ್ಲಿ ಬಂದು ತೋಳು ಚಾಚಿದ. “ತಾಳಿ ಕಟ್ಟೋಕ್ ಮುಂಚೇನೇ ರಕ್ತ ಹೀರ್ತಿದೀಯಲ್ಲೇ,” ಎಂದ. ನನಗೆ ನಗು ಬರಲಿಲ್ಲ.

ದೊಡ್ಡ ಪ್ರಯೋಗಾಲಯದಿಂದ ವರದಿ ಬರಲು ಐದು ದಿನ ಹಿಡಿಯಿತು. ನನ್ನ ದೇಹದಲ್ಲಿ ಕಬ್ಬಿಣ ಬೇಕಾದಷ್ಟಿತ್ತು. ಹಿಮೋಗ್ಲೋಬಿನ್ನಿನ ಎ-ಟು ಎಂಬ ಬಗೆ ಮಾತ್ರ ಹೆಚ್ಚಿತ್ತು. ನಾನು ಥಲಸ್ಸೇಮಿಯಾ ಎಂಬ ವಂಶದ ರಕ್ತದೋಷದ ವಾಹಕಿ, ರೋಗಿಯಲ್ಲ. ಅವನದು ಎಲ್ಲವೂ ಸರಿಯಿತ್ತು. ಹಿರಿಯರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಎರಡೆರಡು ಸಲ ಓದಿದರು.

“ಡಾಕ್ಟರಿಗೆ ತೋರ್ಸಿ, ಮಾತ್ರೆ ನಿಲ್ಲಿಸ್ತಾರೆ. ಮದುವೆಗೆ ಕರೀರಿ.”

ದಾರಿಯಲ್ಲಿ ಅಮ್ಮ, “ಅಂದ್ರೆ ನೀನು ಮಾತ್ರೆ ನುಂಗ್ತಾನೇ ಇದ್ದೆ,” ಎಂದು ನನ್ನ ಕೈ ಹಿಡಿದುಕೊಂಡಳು.

ಮದುವೆಗೆ ಆ ಹಿರಿಯರು ಬರಲಿಲ್ಲ. ನಾನೂ ಮತ್ತೆ ಆ ಕಡೆ ಹೋಗಲಿಲ್ಲ...

ಟಾನಿಕ್ ಕೊಡುವ ಮೊದಲು ಮಾಡಿಸಿದ ಮಗಳ ರಕ್ತಪರೀಕ್ಷೆಯ ವರದಿ ಕಳೆದ ವಾರ ಬಂತು. ಅವಳೂ ನನ್ನ ಹಾಗೆ ವಾಹಕಿ, ಅಷ್ಟೆ, ಟಾನಿಕ್ ಬೇಕಿಲ್ಲ. ಆ ಹಿರಿಯರಿಗೆ ತೋರಿಸೋಣವೆಂದು ಅರಸೀಕೆರೆಗೆ ಹೋದರೆ ಆ ಕೋಣೆಯಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. ವಿಚಾರಿಸಿದಾಗ ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದ.

“ಅವರು ತೀರ್ಕೊಂಡು ವರ್ಷ ಆಯ್ತು ಕಣವ್ವ. ರಿಪೋರ್ಟಾ? ಏನ್ ಬಂದೈತೆ?”

“ಏನೂ ತೊಂದರೆ ಇಲ್ಲ,” ಎಂದೆ.

“ಒಳ್ಳೇದಾಯ್ತು ಬಿಡು,” ಎಂದು ಅವನು ಮತ್ತೆ ಪೆಡಲ್ ತುಳಿದ. ಆ ಹಿರಿಯರಾಗಿದ್ದರೆ ಬರೀ ನನ್ನ ಮಾತಿಗೆ ಒಪ್ಪುತ್ತಿರಲಿಲ್ಲ. ಹಾಳೆ ಈಸಿಕೊಂಡು ತಾವೇ ಓದುತ್ತಿದ್ದರು.