ಮುಖ ಕಾಣದ ಕೂಗು

ವಾಗದರಿಯ ಸುಗಲಾಬಾಯಿ ಗಾಂಜಾ ಕಾರ್ಖಾನೆಗೆ ಹೋಗುತ್ತಾಳಂತೆ ಎಂದು ಊರ ಮಂದಿ ಮೊದಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಕುರಿ ಕಾಯುವವರ ಮನೆಯ ಸೊಸೆ, ಬೀರೋಬ ದೇವರ ಒಕ್ಕಲು, ಹಣೆಯಲ್ಲಿ ಸದಾ ಭಂಡಾರದ ಅರಿಶಿನ. ಇವಳಿಗೆ ಇದೆಂಥ ಕೆಲಸ ಬಂತಪ್ಪಾ ಎಂದು ಆಡಿಕೊಂಡರು. ನಗುವವರಿಗೇನು ಹೋಗಬೇಕು? ಹೊಲದ ಬದುವಿನಲ್ಲಿ ಬೆಳೆದರೆ ಪೊಲೀಸರು ಕೈಗೆ ಬೇಡಿ ಹಾಕುವ ಅದೇ ಸೊಪ್ಪು, ಸರಕಾರದ ಪರವಾನಗಿಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟರೆ ‘ವಿಜಯಾ’ ಎಂಬ ಆಯುರ್ವೇದದ ಔಷಧವಾಗುತ್ತದೆ. ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನಲ್ಲಿ, ಮಗ್ಗ ನಿಂತುಹೋದ ಒಂದು ಪವರ್‌ಲೂಮ್ ಶೆಡ್ಡಿನೊಳಗೆ, ಅದರ ಎಣ್ಣೆ ತೆಗೆಯುತ್ತಿದ್ದರು. ಒಣಗಿದ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ, ಬೀಜ ಬೇರೆ ಮಾಡಿ, ಪುಡಿ ಮಾಡುವ ಯಂತ್ರಕ್ಕೆ ಕೊಡುವುದು ಹೆಂಗಸರ ಕೆಲಸ. ಗುತ್ತಿಗೆದಾರನ ಟೆಂಪೊ ಬೆಳಿಗ್ಗೆ ತುಂಬಿಕೊಂಡು ಹೋಗಿ ಸಂಜೆ ಇಳಿಸಿ ಬರುತ್ತಿತ್ತು.

ಆ ಕೋಣೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆದಿದ್ದರು, ಸೊಪ್ಪು ಹೊರಗೆ ಹೋಗಬಾರದೆಂದು. ಫ್ಯಾನು ಹಾಕುವಂತಿಲ್ಲ, ಪುಡಿ ಹಾರುತ್ತದೆಂದು. ಹಸಿರು ಧೂಳು ಗಾಳಿಯಲ್ಲಿ ಹಾಗೆಯೇ ನಿಂತಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗಿ, ಪಕ್ಕದಲ್ಲಿ ಕೂತವರ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಸಂಜೆ ಸುಗಲಾಬಾಯಿ ಮನೆಗೆ ಬಂದರೆ ಹಟ್ಟಿಯ ನಾಯಿ ಮೈಯ ಸೊಪ್ಪಿನ ವಾಸನೆಗೆ ಅವಳನ್ನೇ ನೋಡಿ ಗುರುಗುಟ್ಟುತ್ತಿತ್ತು. ಮರಿಯಾಗಿದ್ದಾಗಿನಿಂದ ಅವಳ ಕೈಯ ರೊಟ್ಟಿ ತಿಂದ ನಾಯಿ ಅದು. ಗಂಡ ಮರೆಪ್ಪ ಮೊದಲು ನಕ್ಕ. ಆಮೇಲೆ ನಗಲಿಲ್ಲ.

ಕೋಣೆಯೊಳಗೆ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆಗಳಿದ್ದವು. ಯಾರಿಗಾದರೂ ತಲೆ ತಿರುಗಿ ಕಣ್ಣು ಮುಚ್ಚಿಬಂದರೆ, ಅವಳನ್ನು ಗೋಡೆಗೆ ಒರಗಿಸಿ ಸುತ್ತ ಸೊಪ್ಪಿನ ಚೀಲಗಳನ್ನು ಮರೆಗೆ ಇಡುತ್ತಿದ್ದರು. ಇಲ್ಲದಿದ್ದರೆ ಗಾಜಿನ ಕ್ಯಾಬಿನ್ನಿನಲ್ಲಿ ಕೂತ ಸೂಪರ್‌ವೈಜರ್ ಸಿದ್ರಾಮನ ಕಣ್ಣಿಗೆ ಬಿದ್ದು ಅರ್ಧ ದಿನದ ಹಾಜರಿ ಹೋಗುತ್ತಿತ್ತು. ಇನ್ನೊಂದು ಕಟ್ಟಳೆ, ಮುಖ ಕಾಣದೆ ಯಾರು ಕರೆದರೂ ‘ಓ’ ಅನ್ನಬಾರದು. ಉರಿಬಿಸಿಲಿನಲ್ಲಿ ಬಯಲಿನಿಂದ ಬಂದ ಕೂಗಿಗೆ ಓಗೊಡಬಾರದೆಂದು ಹಳ್ಳಿಯ ಹಿರಿಯರು ಹೇಳಿಯೇ ಇದ್ದರು. ಇಲ್ಲದ ದನಿಗಳನ್ನು ಕೇಳಿಸುವ ಸೊಪ್ಪಿನ ನಡುವೆ ಅದು ಇನ್ನೂ ಬಿಗಿಯಾಯಿತು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಕಟ್ಟಳೆಗಳು. ನೀಲಗಂಗಾಳನ್ನು ಕೊಂದದ್ದೂ ಅವೇ.

ನೀಲಗಂಗಾ ಸುಗಲಾಬಾಯಿಯ ಪಕ್ಕದಲ್ಲಿ, ಕಂಬದ ಹತ್ತಿರ ಕೂಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಉಬ್ಬಸ ಶುರುವಾಗಿತ್ತು. ಅಂದು ಮಧ್ಯಾಹ್ನ ಅವಳ ತಲೆ ವಾಲಿತು. ಸುಗಲಾಬಾಯಿ ಎಂದಿನಂತೆ ಅವಳನ್ನು ಒರಗಿಸಿ ಚೀಲ ಇಟ್ಟಳು. ಮನೀಷಾ, ಬಾಜೂ ಕೂಡುವ ಹುಡುಗಿ, ಮೇಲೆ ಇನ್ನೊಂದು ಚೀಲ ಏರಿಸಿದಳು. ಸ್ವಲ್ಪ ಹೊತ್ತಿಗೆ ಸುಗಲಾಬಾಯಿಗೆ ‘ಸುಗಲಕ್ಕಾ’ ಎಂದು ಯಾರೋ ಕರೆದಂತಾಯಿತು. ತಲೆಯೆತ್ತಿ ನೋಡಿದಳು. ಯಾರ ಮುಖವೂ ತನ್ನ ಕಡೆ ಇರಲಿಲ್ಲ. ಸೊಪ್ಪಿನ ಅಮಲು ಎಂದುಕೊಂಡು ಮತ್ತೆ ಬೀಜ ಆರಿಸತೊಡಗಿದಳು. ಕೂಗು ಮತ್ತೆ ಬಂತು, ಆಮೇಲೆ ಬರಲಿಲ್ಲ. ಸಂಜೆ ಚೀಲ ಸರಿಸಿದಾಗ ನೀಲಗಂಗಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಂಬದ ಕಡೆ ಮುಖ ಮಾಡಿ, ತಣ್ಣಗಾಗಿದ್ದಳು.

ಗುತ್ತಿಗೆದಾರ ಹೆಣವನ್ನು ಅದೇ ಟೆಂಪೊದಲ್ಲಿ ಅವಳ ಮನೆಗೆ ಮುಟ್ಟಿಸಿ, ರಸ್ತೆಯ ಬದಿ ಬಿದ್ದಿದ್ದಳು ಎಂದು ಹೇಳಿ ಕೈತೊಳೆದುಕೊಂಡ. ಕಂಪನಿಯವರು ಆ ಹೆಸರಿನವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದರು. ಗುತ್ತಿಗೆಯ ಹೆಂಗಸರು ಯಾರೂ ಅವರ ಲೆಕ್ಕದಲ್ಲಿ ಇರಲಿಲ್ಲವಲ್ಲ. ಹೆಂಗಸರೂ ತುಟಿ ಬಿಚ್ಚಲಿಲ್ಲ. ಅವಳು ಒಳಗೆ ಸತ್ತಳು ಎಂದರೆ, ಚೀಲ ಇಟ್ಟವರಾರು ಎಂಬ ಮಾತು ಬರುತ್ತಿತ್ತು.

ಅಲ್ಲಿಂದ ಮುಂದೆ ಸುಗಲಾಬಾಯಿಗೆ ನೀಲಗಂಗಾ ಕಾಣತೊಡಗಿದಳು. ಮಧ್ಯಾಹ್ನ ಧೂಳು ದಟ್ಟವಾದಾಗ ಕಂಬದ ಹತ್ತಿರ ಬಂದು ಕೂತಿರುತ್ತಿದ್ದಳು, ಬಾಯಿಗೆ ಸೆರಗು, ಮುಖ ಆಚೆಗೆ. ಏನೂ ಮಾಡುತ್ತಿರಲಿಲ್ಲ, ಬರೀ ಕೂತಿರುತ್ತಿದ್ದಳು. ಅಮಲು, ಅಮಲು ಎಂದು ಸುಗಲಾಬಾಯಿ ತನಗೆ ತಾನೇ ಹೇಳಿಕೊಂಡಳು. ಆದರೆ ಅಂದಿನ ಕೂಗನ್ನೂ ಅಮಲು ಎಂದೇ ಹೇಳಿಕೊಂಡಿದ್ದಳಲ್ಲ! ಕಂಬದ ಹತ್ತಿರದ ಆ ಜಾಗದಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಸೋಲಾಪುರದ ಉಜ್ವಲಾಬಾಯಿ ಬಂದಳು. ಬೀಡಿ ಕಟ್ಟುವವರ ಯೂನಿಯನ್ನಿನಲ್ಲಿ ಪಳಗಿದ ಹೆಂಗಸು, ಮಾತು ಕಡಿಮೆ, ಪಟ್ಟು ಹೆಚ್ಚು. ನೀಲಗಂಗಾಳ ಮಗಳು ಸಾರಿಕಾ ಹೋಗಿ ಅವಳ ಬಾಗಿಲು ತಟ್ಟಿದ್ದಳು. ಒಬ್ಬೊಬ್ಬರೇ ಇದ್ದರೆ ಕಂಪನಿ ನಿಮ್ಮನ್ನು ಇಲ್ಲವೆಂದೇ ಹೇಳುತ್ತದೆ, ಕೂಡಿದರೆ ಹಾಗೆ ಹೇಳಲಾಗದು, ಕಾರ್ಮಿಕ ಇಲಾಖೆಯ ಕಾಮಗಾರ ಸಾಹೇಬರನ್ನು ನಾನು ಕರೆತರುತ್ತೇನೆ, ನೀವು ಕಂಡದ್ದನ್ನು ಹೇಳಿ ಎಂದಳು ಉಜ್ವಲಾಬಾಯಿ. ಸುದ್ದಿ ಸಿದ್ರಾಮನ ಕಿವಿಗೆ ಬೀಳಲು ತಡವಾಗಲಿಲ್ಲ. ಅವನು ಗದರಲಿಲ್ಲ, ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ.

“ಅಮಲಿನಾಗ ಇದ್ದ ಹೆಣಮಕ್ಕಳ ಮಾತ ಯಾವ ಸಾಹೇಬ ನಂಬ್ತಾನ? ನೀವು ಕಂಡಿದ್ದೆಲ್ಲಾ ಸೊಪ್ಪ ತೋರಿಸಿದ್ದು.”

ಸುಗಲಾಬಾಯಿಗೆ ಆ ಮಾತು ಎದೆಗೇ ನಾಟಿತು. ಸತ್ತವಳನ್ನು ದಿನಾ ನೋಡುವವಳು, ಬದುಕಿದ್ದವಳನ್ನು ನೋಡಿದೆ ಎಂದು ಯಾವ ಬಾಯಿಂದ ಹೇಳಬೇಕು?

ರವಿವಾರ ವಾಗದರಿಯ ಬೀರೋಬನ ಗುಡಿಯಲ್ಲಿ ಎಲ್ಲರೂ ಕೂಡಿದರು. ಯೂನಿಯನ್ನಿಗೆ ಸೇರುವವರು ಭಂಡಾರ ಮುಟ್ಟಿ, ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳಬೇಕೆಂದು ತಾವೇ ಗೊತ್ತು ಮಾಡಿಕೊಂಡಿದ್ದರು. ಭಂಡಾರ ಮುಟ್ಟಿ ಸುಳ್ಳಾಡಿದರೆ ಹಟ್ಟಿಯಲ್ಲಿ ಕುರಿ ಉಳಿಯುವುದಿಲ್ಲ ಎಂಬುದು ಅವರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ತಟ್ಟೆಯ ಅರಿಶಿನಕ್ಕೆ ಯಾರ ಕೈಯೂ ಮುಂದಾಗಲಿಲ್ಲ. ಕೊನೆಗೆ ಸುಗಲಾಬಾಯಿ, ನನಗೆ ಆಕೆ ಕಾಣುತ್ತಾಳೆ, ನಾನು ಹೇಗೆ ಮುಟ್ಟಲಿ ಎಂದು ಅತ್ತುಬಿಟ್ಟಳು.

ಯಾರೂ ನಗಲಿಲ್ಲ. ಮನೀಷಾ ಅವಳ ಹತ್ತಿರ ಸರಿದು ಕೇಳಿದಳು.

“ಕಂಬದ ಕಡೆ ಮುಖಾ ಮಾಡಿ ಕುಂತಿರ್ತಾಳ. ಹೌದಿಲ್ಲೊ ಅಕ್ಕಾ?”

ಒಬ್ಬೊಬ್ಬರೇ ಹೌದೆಂದರು. ಎಲ್ಲರಿಗೂ ಅದೇ ಕಂಬ, ಅದೇ ಸೆರಗು. ಹುಚ್ಚಿ ಅನ್ನುತ್ತಾರೆಂದು ಒಬ್ಬರಿಗೊಬ್ಬರು ಅಂಜಿ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದರು. ಉಜ್ವಲಾಬಾಯಿ ಅರಿಶಿನದ ತಟ್ಟೆಯನ್ನು ಮುಂದೆ ಸರಿಸಿ, ಆಕೆ ಈಗ ಇದ್ದಾಳೋ ಇಲ್ಲವೋ ನನಗೆ ತಿಳಿಯದು, ಅಂದು ಇದ್ದಳಲ್ಲ, ಅದನ್ನು ಹೇಳಿದರೆ ಸಾಕು ಎಂದಳು. ಎಲ್ಲ ಕೈಗಳೂ ಭಂಡಾರಕ್ಕೆ ಇಳಿದವು. ಚೀಲದ ಮಾತೂ ಹೊರಬಿತ್ತು. ಕೂಗಿನ ಮಾತೊಂದನ್ನು ಮಾತ್ರ ಸುಗಲಾಬಾಯಿ ಹೇಳಲಿಲ್ಲ. ಭಂಡಾರ ಮುಟ್ಟಿಯೂ ಅದನ್ನು ನುಂಗಿಕೊಂಡಳು.

ಕಾಮಗಾರ ಸಾಹೇಬರು ಮುಂದಿನ ವಾರ ಶೆಡ್ಡಿಗೆ ಬಂದರು, ಜೊತೆಗೆ ಉಜ್ವಲಾಬಾಯಿ ಮತ್ತು ಸಾರಿಕಾ. ನೀಲಗಂಗಾ ಎಂಬವಳು ಈ ಕೋಣೆಗೆ ಕಾಲಿಟ್ಟವಳೇ ಅಲ್ಲ ಎಂದು ಸಿದ್ರಾಮ ಬಾಯಿಪಾಠ ಒಪ್ಪಿಸಿದ. ಸಾಹೇಬರು ಹೆಂಗಸರ ಮಾತು ಕೇಳಲು ತಾವೂ ನೆಲದ ಮೇಲೆ ಕೂಡಬೇಕೆಂದು, ಖಾಲಿ ಕಂಡ ಆ ಕಂಬದ ಹತ್ತಿರ ಹೋದರು. ಸಿದ್ರಾಮ ಓಡಿಬಂದು ಅವರ ತೋಳು ಹಿಡಿದ.

“ಅಲ್ಲಿ ಬ್ಯಾಡ್ರಿ ಸಾಹೇಬ.”

ಯಾಕೆಂದು ಅವರು ಮರಾಠಿಯಲ್ಲಿ ಕೇಳಿದರು. ಗಾಜಿನ ಹಿಂದೆ ಫ್ಯಾನಿನ ಕೆಳಗೆ ಕೂಡುವ, ಸೊಪ್ಪಿಗೆ ಒಂದು ದಿನವೂ ಕೈಹಚ್ಚದ ಆ ಗಂಡಸಿನ ಕಣ್ಣು ಕಂಬದ ಬುಡದಲ್ಲಿ ನೆಟ್ಟಿತ್ತು, ಹಣೆ ಬೆವೆತಿತ್ತು. ಅವನಿಗೂ ಆಕೆ ಕಾಣುತ್ತಿದ್ದಾಳೆಂದು ಹೆಂಗಸರಿಗೆ ತಿಳಿಯಿತು. ಹಾಗಾದರೆ ಅದು ಸೊಪ್ಪಿನ ಆಟವಲ್ಲ.

ಇಲ್ಲಿ ಯಾರು ಕೂಡುತ್ತಿದ್ದರು ಎಂದು ಸಾಹೇಬರು ಕೇಳಿದರು. ನೀಲಗಂಗಾ ಕೂಡುತ್ತಿದ್ದಳು, ಅಲ್ಲೇ ಸತ್ತಳು, ಮರೆಗೆ ಚೀಲ ಇಟ್ಟವಳು ನಾನು ಎಂದಳು ಸುಗಲಾಬಾಯಿ. ನಾನೂ ಇಟ್ಟೆ ಎಂದಳು ಮನೀಷಾ. ಉಳಿದವರೂ ಒಬ್ಬೊಬ್ಬರಾಗಿ ಎದ್ದು ನಿಂತರು. ಯೂನಿಯನ್ ಹುಟ್ಟಿದ್ದು ಆ ಗಳಿಗೆಯಲ್ಲಿ. ನೋಂದಣಿ, ಫ್ಯಾನು, ಗುರುತಿನ ಚೀಟಿ, ಕಿಟಕಿಯ ಪ್ಲಾಸ್ಟಿಕ್ ಕಿತ್ತದ್ದು ಎಲ್ಲ ಆಮೇಲೆ, ಜಗ್ಗಾಡಿ ಜಗ್ಗಾಡಿ ಬಂದವು.

ಸಾಹೇಬರು ಹೊರಗೆ ಹೋದ ಮೇಲೂ ಸಾರಿಕಾ ಅಲ್ಲೇ ನಿಂತಿದ್ದಳು, ಹೆಗಲ ಮೇಲಿನ ಓಢಣಿಯಿಂದ ಮೂಗು ಮುಚ್ಚಿಕೊಂಡು.

“ಚಿಗವ್ವಾ, ಅವ್ವ ಆವಾಗ ಯಾರನ್ನರೆ ಕರದ್ಲೇನು?”

ಇಲ್ಲ, ನಿದ್ದೆಯಲ್ಲೇ ಹೋದಳು, ಅವಳಿಗೇನೂ ತಿಳಿಯಲಿಲ್ಲ ಎಂದು ಮನೀಷಾ ಅವಸರದಿಂದ ಹೇಳಿದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಹುಡುಗಿಯ ಮನಸ್ಸಿಗೆ ಅದು ಸಾಕಾಗುತ್ತಿತ್ತು. ಸುಗಲಾಬಾಯಿಯೂ ತಲೆಯಾಡಿಸುವವಳೇ ಇದ್ದಳು. ಆದರೆ ಕಣ್ಣು ಕಂಬದ ಬುಡಕ್ಕೆ ಹೋಯಿತು. ಇಷ್ಟು ದಿನ ಆಚೆಗಿದ್ದ ಮುಖ ಈಗ ಈಚೆ ತಿರುಗಿತ್ತು.

“ಕರದ್ಲವ್ವಾ,” ಎಂದಳು. “ನನ್ನ ಹೆಸರ ಹಿಡದ ಕರದ್ಲು. ನಾ ಓ ಅನ್ನಲಿಲ್ಲ.”