ಒಳಗಿನ ಚಿಲಕ

ನೀಲಕ್ಕ ಚಿಲಕ ಹಾಕಿದರೆ ಓಣಿಗೆಲ್ಲ ಕೇಳುತ್ತಿತ್ತು. ಬೆಟಗೇರಿಯ ನೇಕಾರರ ಓಣಿ ಅದು. ಎಡಕ್ಕೂ ಬಲಕ್ಕೂ ಮಗ್ಗಗಳು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದವು. ಆ ಗದ್ದಲದಲ್ಲೂ ಆಕೆಯ ಚಿಲಕ ‘ಖಟ್’ ಎಂದು ಬೇರೆಯಾಗಿ ಕೇಳಿಸುತ್ತಿತ್ತು. ಮೆಲ್ಲಗೆ ಹಾಕಬಹುದಿತ್ತು, ಹಾಕುತ್ತಿರಲಿಲ್ಲ. “ಹಾಕೀನಿ ಅಂತ ಮಂದಿಗೆ ಗೊತ್ತಾಗ್ಲಿ” ಅನ್ನುತ್ತಿದ್ದಳು. ಎಲ್ಲರ ಮನೆಯ ಚಿಲಕ ಎದೆಯ ಮಟ್ಟಕ್ಕೆ ಇರುತ್ತದೆ. ಆಕೆಯದು ನನ್ನ ಮೊಣಕಾಲಿಗಿಂತ ತುಸು ಮೇಲಿತ್ತು. ಆ ಗೇಣುದ್ದದ ಕಬ್ಬಿಣದ ಸಲುವಾಗಿ ಏನೆಲ್ಲ ಆಯಿತು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನೀಲಕ್ಕ ಡೋಣಿ ಎಂಬ ಹಳ್ಳಿಯವಳು. ಕೂಸಿದ್ದಾಗಲೇ ಪೋಲಿಯೊ ಆಗಿ ಎರಡೂ ಕಾಲು ಹೋಗಿದ್ದವು. ಹೊರಗೆ ಗಾಲಿಕುರ್ಚಿ; ಮನೆಯೊಳಗೆ ನೆಲದ ಮೇಲೆ ಕುಳಿತು ಅಂಗೈ ಊರಿ ಮೈಯನ್ನು ಮುಂದಕ್ಕೆ ಒಯ್ಯುತ್ತಿದ್ದಳು, ಅದೂ ನಾನು ನಡೆಯುವುದಕ್ಕಿಂತ ಜೋರಾಗಿ. ತೋಳುಗಳಂತೂ ಪೈಲ್ವಾನರ ತೋಳು. ಆ ತೋಳಿನಿಂದಲೇ ಶೇಂಗಾ, ಗುರೆಳ್ಳು, ಅಗಸಿ ಕುಟ್ಟಿ ಚಟ್ನಿಪುಡಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅಂಗವಿಕಲರು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದು ಸಂಸ್ಥೆಯೊಂದು ಬೆಟಗೇರಿಯಲ್ಲಿ ಮನೆ ಹಿಡಿದು, ನೀಲಕ್ಕನನ್ನೂ ಇನ್ನಿಬ್ಬರು ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಿಗೆ ಒಂದೊಂದು ಖೋಲಿ ಕೊಟ್ಟು ಇಟ್ಟಿತ್ತು. ‘ಕಾಲ ಮೇಲೆ ನಿಲ್ಲುವುದು’ ಎಂಬುದು ಸಂಸ್ಥೆಯವರ ಮಾತು. ಅದನ್ನು ಕೇಳಿದಾಗಲೆಲ್ಲ ನೀಲಕ್ಕ ತನ್ನ ಕಾಲು ನೋಡಿಕೊಂಡು, “ಇವುಕ್ಕ ಹೇಳ್ರಿ, ನಿಂತಾವು” ಎಂದು ನಗುತ್ತಿದ್ದಳು. ಬಿ.ಎ. ಮುಗಿಸಿ ಮುಳಗುಂದದ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ನನ್ನನ್ನು ಅಲ್ಲಿಗೆ ಸಹಾಯಕಿಯಾಗಿ ತೆಗೆದುಕೊಂಡರು.

ಮನೆ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಹೊಸ್ತಿಲು ಕಡಿಸಿದ್ದರು, ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಮಾಡಿಸಿದ್ದರು, ಒಲೆಯನ್ನು ಕಟ್ಟೆಯಿಂದ ನೆಲಕ್ಕೆ ಇಳಿಸಿದ್ದರು. ಒಂದು ಮಾತ್ರ ಇರಲಿಲ್ಲ. ಯಾವ ಖೋಲಿಯ ಬಾಗಿಲಿಗೂ ಒಳಗೆ ಚಿಲಕವಿರಲಿಲ್ಲ. ಬೀದಿಬಾಗಿಲಿಗೂ ಇರಲಿಲ್ಲ. ಬೀಗ ಹಾಕಲು ಹೊರಗೆ ಕೊಂಡಿ ಇತ್ತು, ಅದರ ಕೀಲಿ ನನ್ನ ಹತ್ತಿರ.

ಮೊದಲ ದಿನವೇ ನೀಲಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡಳು. “ನೋಡು ಸುಮಿ, ನೀ ನನ್ನ ಕಾಲಾಗು, ಬೇಕಂದ್ರ ಕೈನೂ ಆಗು. ತಲಿ ಮಾತ್ರ ಆಗಬ್ಯಾಡ. ತಲಿ ನನಗ ಐತಿ. ಕೇಳು, ಆಮ್ಯಾಲ ಕೈ ಹಚ್ಚು.” ಇಷ್ಟೇ ಆಕೆ ನನಗೆ ಕಲಿಸಿದ್ದು. ಸಂಸ್ಥೆಯವರು ಕೊಟ್ಟ ತರಬೇತಿಯಲ್ಲಿ ಈ ಮಾತು ಬಂದಿರಲಿಲ್ಲ. ಮೇಲಿನ ಫಳಿಯಿಂದ ಅರಿಷಿಣದ ಡಬ್ಬಿ ಕೊಡು ಎಂದಾಗ, ಖಾರ ಮುಗಿದಂತೆ ಕಾಣುತ್ತದೆ ಎಂದು ನಾನು ಖಾರದ ಡಬ್ಬಿಯನ್ನೂ ಇಳಿಸಿದರೆ ಕಣ್ಣು ಕಿಸಿದು ನೋಡುತ್ತಿದ್ದಳು. “ಖಾರ ಯಾರು ಕೇಳ್ಯಾರ ನಿನಗ? ಇಡು ಮ್ಯಾಲ.” ಇಟ್ಟ ಮೇಲೆ, ಸ್ವಲ್ಪ ಹೊತ್ತು ಬಿಟ್ಟು, “ಈಗ ಖಾರದ ಡಬ್ಬಿ ಕೊಡು” ಅನ್ನುವಳು. ನನಗೆ ಸಿಟ್ಟು ಬಂದು ಡಬ್ಬಿ ಕುಕ್ಕಿದರೆ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಕೆನೆಮೊಸರು ಹಾಕಿ ಮುಂದಿಡುವಳು. ಆಮೇಲೆ ಎಲ್ಲಿಯ ಸಿಟ್ಟು!

ಆಕೆಗೆ ಆಗದ ಶಬ್ದ ಒಂದೇ: ಪಾಪ. ಒಮ್ಮೆ ನಾವಿಬ್ಬರೂ ಲಕ್ಷ್ಮೇಶ್ವರದಲ್ಲಿ ಚಟ್ನಿಪುಡಿ ಕೊಟ್ಟು ಶಿರಹಟ್ಟಿಗೆ ಹೋಗಬೇಕಿತ್ತು. ಬಸ್ ಯಾವಾಗ ಎಂದು ಕೇಳಿಕೊಂಡು ಬರುತ್ತೇನೆಂದು ನಾನು ಆಚೆ ಹೋದೆ. ತಿರುಗಿ ಬಂದರೆ ಗಾಲಿಕುರ್ಚಿ ಖಾಲಿ! ಅಷ್ಟರಲ್ಲಿ ಗದಗಿನ ಬಸ್ಸಿನೊಳಗಿಂದ ನೀಲಕ್ಕನ ದನಿ ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸಿತು. ಆದದ್ದಿಷ್ಟು. ಇಬ್ಬರು ಗಂಡಸರು, ಒಂದು ಮಾತೂ ಕೇಳದೆ, ಆಕೆಯನ್ನು ಅನಾಮತ್ತಾಗಿ ಎತ್ತಿ ಬಸ್ಸಿನೊಳಗೆ ಕೂರಿಸಿದ್ದರು. ಕಾಲಿಲ್ಲದವಳು ಗದಗಿನ ಯಾವುದೋ ಆಶ್ರಮದವಳೇ ಇರಬೇಕು, ಅಲ್ಲಿಗೇ ಹೋಗಬೇಕು ಎಂದು ತಾವೇ ತೀರ್ಮಾನಿಸಿದ್ದರು.

“ಯಾರು ಹೇಳ್ಯಾರ್ರಿ ನಿಮಗ? ನಾ ಶಿರಹಟ್ಟಿಗೆ ಹೋಗಾಕಿ! ನಾ ಏನ ಜ್ವಾಳದ ಚೀಲೇನ್ರಿ, ಕಂಡಲ್ಲೆ ಎತ್ತಿ ಒಗ್ಯಾಕ?”

ಕಂಡಕ್ಟರ್ ಸಮಾಧಾನಕ್ಕೆ ಬಂದ. “ಹೋಗ್ಲಿ ಬಿಡಬೇ ಯವ್ವಾ, ಪಾಪ ಅಂತ ಮಾಡ್ಯಾರ. ಸಿಟ್ಟ ಯಾಕ?”

“ಪಾಪ ನನಗ, ಪುಣ್ಯಾ ಅವ್ರಿಗೆ! ಭಾರಿ ಹಂಚಿಕಿ ಆತಲ್ಲ!”

ಬಸ್ಸಿನವರೆಲ್ಲ ನಕ್ಕರು. ನೀಲಕ್ಕ ನಗಲಿಲ್ಲ. ಎತ್ತಿದ ಇಬ್ಬರೂ ಅಷ್ಟರಲ್ಲಿ ಪುಣ್ಯ ಕಟ್ಟಿಕೊಂಡು ಎಲ್ಲೋ ಹೋಗಿಬಿಟ್ಟಿದ್ದರು. ಇಳಿಸಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಕಡೆಗೆ ನನ್ನ ಕೊರಳಿಗೆ ಕೈ ಹಾಕಿ ತಾನೇ ಇಳಿದಳು.

ಇನ್ನು ಒಂದು ಭಾನುವಾರದ ಸಂಗತಿ. ನೀಲಕ್ಕ ಐತವಾರ ಬೇಗ ಏಳುತ್ತಿರಲಿಲ್ಲ. “ಮನಿ ಅಂದ್ರೇನ ಗೊತ್ತೇನ ಸುಮಿ? ಯಾರಿಗೂ ಕಾರಣಾ ಹೇಳಲಾರದ ಬಿದ್ಕೊಳ್ಳೂ ಜಾಗಾ” ಅನ್ನುತ್ತಿದ್ದಳು. ಎದ್ದು, ಲಂಗ ಎದೆಗೆ ಕಟ್ಟಿಕೊಂಡು, ತಲೆಗೂ ಮೈಗೂ ಎಣ್ಣೆ ತಿಕ್ಕಿಕೊಂಡು ನೀರು ಕಾಯುವವರೆಗೆ ಕುಳಿತಿರುತ್ತಿದ್ದಳು. ಹಾಗೆ ಕುಳಿತಾಗಲೇ ಬಾಗಿಲು ನೂಕಿಕೊಂಡು ಊರಿನ ಪುಢಾರಿಯೊಬ್ಬ ತನ್ನ ಹಿಂಬಾಲಕರ ಸಮೇತ ಒಳಗೆ ಬಂದ. ಅಂದು ಅವನ ಹುಟ್ಟುಹಬ್ಬವಂತೆ. ಅಂಗವಿಕಲರಿಗೆ ಹಣ್ಣು ಹಂಚಬೇಕಂತೆ. ಬಚ್ಚಲಲ್ಲಿ ನೀರಿಗೆ ಉರಿ ಹಾಕುತ್ತಿದ್ದ ನಾನು ಓಡಿ ಬರುವುದರೊಳಗೆ ಆಕೆಯ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ತುರುಕಿ ಎರಡು ಮೂರು ಮೊಬೈಲುಗಳಲ್ಲಿ ಫೋಟೋ ಹೊಡೆದಾಗಿತ್ತು.

ನೀಲಕ್ಕ ಕಿರುಚಲಿಲ್ಲ. ಟವೆಲ್ ಕೊಡು ಎಂದು ನನಗೆ ಕೈ ಮಾಡಿ, ಹೊದ್ದುಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು. “ಸಾಹೇಬ್ರ, ನಿಮ್ಮ ಮನಿ ಎಲ್ಲೈತ್ರಿ?”

ಅವನು ನಗುತ್ತಲೇ ಹೇಳಿದ.

“ಮುಂದಿನ ಐತವಾರ ನಾ ಬರ್ತೀನ್ರಿ. ನಿಮ್ಮ ಮನ್ಯಾಗಿನವ್ರು ಎಣ್ಣಿ ಹಚ್ಕೊಂಡು ಕುಂತಿರ್ತಾರಲ್ರಿ, ಆ ಹೊತ್ತಿಗೆ ಬರ್ತೀನಿ. ಬಾಗಲಾ ಏನ ಬಡಿಯಂಗಿಲ್ರಿ. ಸೀದಾ ಒಳಗ ಬಂದು ಬಾಳೆಹಣ್ಣ ಕೊಟ್ಟು ಫೋಟೋ ತಗೊಂಡು ಹೋಗ್ತೀನಿ. ನಡೀತೈತಿಲ್ರಿ?”

ಅವನ ಮುಖ ಕಪ್ಪಿಟ್ಟಿತು. ಹಿಂದಿದ್ದವನೊಬ್ಬ, “ಏ, ಸಾಹೇಬ್ರಿಗೆ ಹಂಗ ಮಾತಾಡ್ತೀಯೇನ” ಎಂದು ಗುರುಗುಟ್ಟಿದ. ನಾನು ಅವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಹೊರಗೆ ಹಾಕಿದೆ. ಬಾಳೆಹಣ್ಣನ್ನು ತಿಪ್ಪೆಗೆ ಒಗೆಯಲು ಹೋದರೆ ನೀಲಕ್ಕ ಬಿಡಲಿಲ್ಲ. “ಹಣ್ಣ ಏನ ಮಾಡ್ಯಾವ, ತಾ ಇಲ್ಲೆ” ಎಂದು ಒಂದು ಸುಲಿದು ತಿಂದಳು. ತಿನ್ನುತ್ತ ತಿನ್ನುತ್ತ ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಸಂಸ್ಥೆಯ ಮೇಲ್ವಿಚಾರಕರು ಬಂದಾಗ ನೀಲಕ್ಕ ಒಂದೇ ಮಾತು ಹೇಳಿದಳು. “ನನಗ ಒಳಗ ಚಿಲಕಾ ಬೇಕ್ರಿ.”

ಅವರದು ಮೆತ್ತನೆ ದನಿ. “ನೋಡವಾ ನೀಲವ್ವಾ, ನಿಮ್ಮ ಛಲೋದಕ್ಕ ಹೇಳ್ತೀನಿ. ಒಳಗ ಬಿದ್ರ ಗಿದ್ರ ನಾವು ಬಾಗಲಾ ಮುರೀಬೇಕಾಗತೈತಿ.”

“ನಿಮ್ಮ ಮನಿ ಬಚ್ಚಲಕ್ಕ ಚಿಲಕಾ ಐತೇನ್ರಿ?”

“ಐತಿ.”

“ನೀವೂ ಬೀಳಬಹುದಲ್ರಿ.”

“ನಮ್ಮ ಮಾತ ಬ್ಯಾರೆವಾ.”

“ಹೆಂಗ ಬ್ಯಾರೇರಿ?”

ಅವರು ಗಡಿಯಾರ ನೋಡಿಕೊಂಡು ಎದ್ದರು. ನೀಲಕ್ಕ ಅಂದೇ ಬಡಿಗೇರನನ್ನು ಕರೆಸಿದಳು. ಅವನು ಚಿಲಕವನ್ನು ರೂಢಿಯಂತೆ ಮೇಲೆ ಹಿಡಿದ. ಆಕೆ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತು ಭುಜದ ಮಟ್ಟಕ್ಕೆ ಕೈ ಹಿಡಿದು ತೋರಿಸಿದಳು. “ನನ್ನ ಕೈ ಇಲ್ಲಿಗೆ ಬರತೈತಿ. ಇಲ್ಲೆ ಹೊಡಿ.” ಬೀದಿಬಾಗಿಲಿಗೆ ಒಂದು, ತನ್ನ ಖೋಲಿಗೆ ಒಂದು. ಇನ್ನಿಬ್ಬರೂ ನಮಗೂ ಬೇಕು ಎಂದರು, ಅವರಿಗೂ ಆಯಿತು. ಆ ಸಂಜೆ ನೀಲಕ್ಕ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನನ್ನನ್ನು ಹೊರಗೆ ನಿಲ್ಲಿಸಿ, “ಬಾಗಲಾ ಬಡಿ” ಎಂದಳು. ಬಡಿದೆ. “ಯಾರದು?” ಎಂದಳು ಒಳಗಿಂದ, ದೊಡ್ಡ ಜಮೀನ್ದಾರಿಣಿಯ ಗತ್ತಿನಲ್ಲಿ. “ನಾನ್ರೀ, ಸುಮಿ. ಬರ್ಲೇನ್ರಿ?” ಎಂದೆ. “ಈಗ ಪುರಸೊತ್ತಿಲ್ಲ, ನಾಳೆ ಬಾ!” ಎಂದು ಬಿದ್ದು ಬಿದ್ದು ನಕ್ಕಳು. ಎದುರು ಮನೆಯವರು ಮಗ್ಗ ನಿಲ್ಲಿಸಿ ನೋಡಿದರು.

ಆ ನಗೆ ಬಹಳ ದಿನ ಉಳಿಯಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಸಂಸ್ಥೆಗೆ ಹಣ ಕೊಡುವ ದೊಡ್ಡವರು ಹೇಳದೆ ಕೇಳದೆ ಕಾರಿನಲ್ಲಿ ಬಂದಿಳಿದರು. ನಾನು ಕಿರಾಣಿ ಅಂಗಡಿಗೆ ಹೋಗಿದ್ದೆ. ತಿರುಗಿ ಬರುವಾಗ ನೋಡುತ್ತೇನೆ, ಅವರೆಲ್ಲ ಬಿಸಿಲಲ್ಲಿ ಕರವಸ್ತ್ರ ತಲೆಯ ಮೇಲೆ ಹಿಡಿದು ನಿಂತಿದ್ದಾರೆ, ಮೇಲ್ವಿಚಾರಕರು ಬೀದಿಬಾಗಿಲು ಬಡಿಯುತ್ತಿದ್ದಾರೆ. ಒಳಗಿಂದ ನೀಲಕ್ಕ, “ತಡೀರಿ, ಮಲಗಿದ್ದೆ. ಸೀರಿ ಉಟ್ಕೊಂಡು ತಗೀತೀನಿ” ಅನ್ನುತ್ತಿದ್ದಾಳೆ. ಕಾಲಿಲ್ಲದ ಹೆಂಗಸು ಸೀರೆ ಉಟ್ಟುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾಯಿತು. ಆಕೆ ಬಾಗಿಲು ತೆರೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, “ಬರ್ರಿ, ಕುಂಡ್ರಿ, ಚಾ ಮಾಡ್ತೀನಿ” ಅನ್ನುವ ಹೊತ್ತಿಗೆ ಕಾರು ಓಣಿ ದಾಟಿತ್ತು.

ಕೆಲವೇ ದಿನಗಳಲ್ಲಿ ಮನೆ ಮುಚ್ಚಿದರು. ಕಾರಣ ಕೇಳಿದ್ದಕ್ಕೆ ಮೇಲ್ವಿಚಾರಕರು ಅದೇ ಮೆತ್ತನೆ ದನಿಯಲ್ಲಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಇವ್ರು ಇನ್ನೂ ಸ್ವತಂತ್ರವಾಗಿ ಬದುಕಾಕ ತಯಾರಾಗಿಲ್ಲ.” ಥೂ! ತನ್ನ ಬಾಗಿಲು ತಾನು ಹಾಕಿಕೊಂಡವಳು ತಯಾರಾಗಿಲ್ಲವಂತೆ. ಇನ್ನು ಹೇಗೆ ತಯಾರಾಗಬೇಕಿತ್ತು? ಕೇಳಿದೆ ಕೂಡ. ಅವರು ನನಗೆ ಮಾತಾಡಬೇಡ ಎಂದರು. ಆಮೇಲೆ ಕೆಲಸಕ್ಕೂ ಬರಬೇಡ ಎಂದರು.

ನೀಲಕ್ಕನ ತಮ್ಮ ಬಸವರಾಜ ಟಂಟಂ ಆಟೋ ತಂದು ಆಕೆಯನ್ನು ಡೋಣಿಗೆ ಕರೆದೊಯ್ದ. ಕೆಟ್ಟವನಲ್ಲ ಅವನು. ನನಗೆ ಕೈಮುಗಿದು, “ಚಿಂತಿ ಮಾಡಬ್ಯಾಡ್ರಿ, ಅಕ್ಕನ ಕೈಲೆ ಒಂದು ಕಡ್ಡೀನೂ ಎತ್ತಗೊಡಂಗಿಲ್ಲ” ಎಂದ. ನೀಲಕ್ಕ ಆಚೆ ಮುಖ ಮಾಡಿ ಕುಳಿತಿದ್ದಳು. ನನಗೆ ಒಂದೇ ಕೆಲಸ ಹೇಳಿಹೋದಳು: “ಬೆಟಗೇರ್ಯಾಗ ಒಂದ ಖೋಲಿ ನೋಡು. ಹೊಸ್ತಿಲಾ ಇದ್ರ ಕಡಸೋಣಂತ.” ನೋಡಿದೆ, ಎಷ್ಟೋ ಮನೆ ನೋಡಿದೆ. ಹೊಸ್ತಿಲು ಕಡಿದರೆ ಲಕ್ಷ್ಮಿ ಹೋಗುತ್ತಾಳೆ ಎಂದವರಿದ್ದರು. ಉಳಿದವರೆಲ್ಲ “ಪಾಪ” ಎಂದು ಶುರುಮಾಡಿ “ಆದ್ರ” ಎಂದು ನಿಲ್ಲಿಸುತ್ತಿದ್ದರು.

ಖೋಲಿ ಸಿಗಲಿಲ್ಲ ಎಂದು ಹೇಳುವುದಕ್ಕೇ ಒಂದು ದಿನ ಮುಂಡರಗಿ ಬಸ್ ಹಿಡಿದು ಡೋಣಿಗೆ ಹೋದೆ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಹಿತ್ತಿಲ ಕಡೆಯ ಖೋಲಿ ನೀಲಕ್ಕನದು ಎಂದು ನೆರೆಮನೆಯ ಮುದುಕಿ ತೋರಿಸಿದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. “ನಾಯಿ ಗೀಯಿ ಒಳಗ ಹೊಕ್ಕಾವು ಅಂತ ಹಾಕಿ ಹೋಗ್ತಾರವಾ. ತಗದು ಒಳಗ ಹೋಗು” ಎಂದಳು ಮುದುಕಿ.

ನಾನು ತೆಗೆಯಲಿಲ್ಲ. ಬಾಗಿಲು ಬಡಿದೆ. “ಅಕ್ಕಾ, ಸುಮಿ. ಬರ್ಲೇನ?”

ಒಳಗಿಂದ ಬಂತು ಆ ದನಿ. “ತಡಿ.” ಬಳೆಯ ಸದ್ದು, ಸೀರೆ ಸರಿಮಾಡಿಕೊಳ್ಳುವ ಸದ್ದು ಕೇಳುತ್ತ ನಿಂತೆ. “ಈಗ ಬಾ.”

ಆ ತೋಳುಗಳು ಕರಗಿದ್ದವು. ಕುಟ್ಟಲು ಒರಳು ಕೊಟ್ಟಿರಲಿಲ್ಲ, ಅಕ್ಕನಿಗೆ ತ್ರಾಸಾಗುತ್ತದಲ್ಲ! “ಇಲ್ಲಿಗೆ ಬಂದ ಮ್ಯಾಲ ಬಾಗಲಾ ಬಡದಾಕಿ ನೀ ಒಬ್ಬಾಕೀನ” ಎಂದಳು. ಖೋಲಿ ಇನ್ನೂ ಸಿಕ್ಕಿಲ್ಲ ಎಂದೆ. “ಸಿಗತೈತಿ, ನೋಡಾಕತ್ತಿರು” ಎಂದು ನನಗೇ ಧೈರ್ಯ ಹೇಳಿದಳು.

ಹೊರಡುವಾಗ ಬಾಗಿಲು ಮುಂದಕ್ಕೆ ಎಳೆದು, ಚಿಲಕ ಹಾಕದೆ ನಾಲ್ಕು ಹೆಜ್ಜೆ ನಡೆದಿದ್ದೆ. ಹಿಂದೆ ಖಟ್ ಎಂದಿತು. ತಿರುಗಿ ನೋಡಿದರೆ ಮುದುಕಿ ಚಿಲಕ ಹಾಕಿ, “ಮರ್ತಿದ್ದೆಲ್ಲವಾ” ಎಂದು ನಗುತ್ತ ನಿಂತಿದ್ದಳು. ನನ್ನ ತಲೆಗೆ ಪಿತ್ತ ಏರಿತು. ದನ ಕಟ್ಟುವ ಗೂಟದ ಪಕ್ಕದಲ್ಲಿದ್ದ ಗುಂಡುಕಲ್ಲು ಎತ್ತಿಕೊಂಡು ಬಾಗಿಲ ಹತ್ತಿರ ಹೋದೆ. ಕಲ್ಲು ಎತ್ತಿದವಳು ಹಾಗೇ ನಿಂತೆ, ಮೊದಲು ಕೇಳಬೇಕಿತ್ತು.

“ಅಕ್ಕಾ, ಈ ಚಿಲಕಾ ಮುರೀಲೇನ?”

“ಕೇಳಾಕತ್ತೀಯೇನಬೇ? ಮುರಿ!”

ಮುರಿದೆ. ಮುದುಕಿ ಬೊಬ್ಬೆ ಹಾಕಿದಳು. ಒಳಗೆ ನೀಲಕ್ಕ ಬೆಟಗೇರಿಯ ಆ ಸಂಜೆಯಂತೆ ನಗುತ್ತಿದ್ದಳು.

ಶ್ರಾವಣದಲ್ಲಿ ನೀಲಕ್ಕ ಹೋಗಿಬಿಟ್ಟಳು. ಜ್ವರ ಎಂದರು. ನನಗೆ ಖಬರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಹೋದಾಗ ಬಸವರಾಜ ಖರೇ ಅತ್ತ. “ಪಾಪ, ನಮ್ಮಕ್ಕ ಯಾರಿಗೂ ತ್ರಾಸ ಕೊಡಲಾರದ ಹೋದ್ಲರಿ” ಎಂದ. ನಾನು ಅಳಲಿಲ್ಲ. ಯಾರ ಬಗ್ಗೆ ಹೇಳುತ್ತಿದ್ದಾನೆ ಇವನು? ನನ್ನ ನೀಲಕ್ಕ ಲಕ್ಷ್ಮೇಶ್ವರದ ಬಸ್ಸಿಗೆ, ಪುಢಾರಿಗೆ, ಕಾರಿನವರಿಗೆ, ನನಗೆ, ಎಲ್ಲರಿಗೂ ತ್ರಾಸ ಕೊಟ್ಟವಳು. ಆಕೆ ತ್ರಾಸ ಕೊಡುವುದನ್ನು ನೀವು ನಿಲ್ಲಿಸಿದಿರಿ, ಆಮೇಲೆ ಆಕೆ ಸತ್ತಳು ಎಂದೆ. ಅವನಿಗೆ ತಿಳಿಯಲಿಲ್ಲ. ಚಾ ಕುಡಿದು ಹೋಗ್ರಿ ಎಂದ.

ಹಿತ್ತಿಲಿಗೆ ಹೋಗಿ ನೋಡಿದೆ. ಬಾಗಿಲಿಗೆ ಹೊಸ ಚಿಲಕ ಬಡಿಸಿದ್ದರು, ಮೊದಲಿನದಕ್ಕಿಂತ ದಪ್ಪದ್ದು, ಹೊರಗೇ. ಗುಂಡುಕಲ್ಲು ಇನ್ನೂ ಗೂಟದ ಪಕ್ಕದಲ್ಲೇ ಇತ್ತು. ಈ ಸಲ ಕೇಳೋಣವೆಂದರೆ ಒಳಗೆ ಯಾರೂ ಇರಲಿಲ್ಲ. ಕೇಳದೆಯೇ ಎತ್ತಿಕೊಂಡೆ.